ಓಡುವವರನ್ನು ಯಾರೂ ಮಾತಾಡಿಸುವುದಿಲ್ಲ

ಯುಗಾದಿಗೆ ಮುಂಚೆ ಚಪ್ಪಲಿ ಗೂಡು ಖಾಲಿ ಮಾಡುವುದು ನಮ್ಮ ಮನೆಯ ಪದ್ಧತಿ. ಈ ಸಲ ಗೂಡಿನ ತಳದಲ್ಲಿ ಮಗನ ಹಳೆಯ ಬಿಳಿ ಕ್ಯಾನ್ವಾಸ್ ಶೂ ಸಿಕ್ಕಿತು. ಶಾಲೆಯಲ್ಲಿ ಪಿ.ಟಿ. ಇದ್ದ ದಿನ ಹಾಕಿಕೊಂಡು ಹೋಗಬೇಕಾಗಿದ್ದ ಶೂ. ಹಿಂದಿನ ರಾತ್ರಿ ಅದಕ್ಕೆ ಸೀಮೆಸುಣ್ಣ ತಿಕ್ಕಿ ಬಿಳಿ ಮಾಡಿ ಇಡುತ್ತಿದ್ದವಳು ನಾನೇ. ಈಗ ಅದಕ್ಕೆ ಇಂಥದ್ದೇ ಎನ್ನುವ ಬಣ್ಣವಿಲ್ಲ. ಹಿಮ್ಮಡಿ ಸವೆದು ಒಂದು ಕಡೆಗೆ ವಾಲಿದೆ, ಹೆಬ್ಬೆರಳಿನ ಜಾಗದಲ್ಲಿ ತೂತು ಬಿದ್ದಿದೆ.

"ಇದನ್ನ ಎಸೀಲಾ?" ಎಂದ ಮಗ. ಅವನಿಗೆ ಹದಿನೇಳು, ಕಾಲು ಮಾತ್ರ ಇನ್ನೂ ಬೆಳೆಯುತ್ತಲೇ ಇದೆ.

"ಬೇಡ, ಇಡು."

"ಅಮ್ಮಾ, ಎಂಟನೇ ಕ್ಲಾಸಿಂದು ಇದು. ಏನ್ ಸೆಂಟಿಮೆಂಟಾ?"

ಸೆಂಟಿಮೆಂಟೇ, ಆದರೆ ಅವನ ಮೇಲಿನದ್ದಲ್ಲ. ಆ ಶೂವನ್ನು ಅವನು ಸವೆಸಿದ್ದು ಒಂದು ಪಾಲಾದರೆ ನಾನು ಸವೆಸಿದ್ದು ಮೂರು ಪಾಲು. ಐವತ್ತರ ಬಾಗಿಲಲ್ಲಿ ನಿಂತು, ಬಸವೇಶ್ವರನಗರದ ನಮ್ಮ ಬಡಾವಣೆಯ ಪಾರ್ಕಿನಲ್ಲಿ, ಮಗನ ಪಿ.ಟಿ. ಶೂ ಹಾಕಿಕೊಂಡು, ಚೂಡಿದಾರದ ವೇಲನ್ನು ಅಡ್ಡಲಾಗಿ ಎಳೆದು ಸೊಂಟದ ಹತ್ತಿರ ಪಿನ್ನು ಚುಚ್ಚಿಕೊಂಡು ಓಡಲು ಶುರು ಮಾಡಿದವಳು ನಾನು.

"ಸಕ್ಕರೆ ಕಾಯಿಲೆನಾ?" ಎಂದು ನೀವು ಕೇಳುತ್ತೀರಿ. ಸಂಕೋಚಪಡಬೇಡಿ, ಎಲ್ಲರೂ ಕೇಳಿದ್ದಾರೆ. ನಮ್ಮ ಕಡೆ ಈ ವಯಸ್ಸಿನ ಹೆಂಗಸು ಬೆಳಿಗ್ಗೆ ಎದ್ದು ಶೂ ಹಾಕಿದಳೆಂದರೆ ಒಂದೋ ಸಕ್ಕರೆ, ಇಲ್ಲವೇ ಬಿ.ಪಿ., ಎರಡೂ ಅಲ್ಲವೆಂದರೆ ಮಗಳ ಮದುವೆ ಹತ್ತಿರ ಬಂದಿದೆ, ಫೋಟೋದಲ್ಲಿ ತೆಳ್ಳಗೆ ಕಾಣಬೇಕು ಎಂದು ಅರ್ಥ. ನನಗೆ ಸಕ್ಕರೆಯಿಲ್ಲ, ಬಿ.ಪಿ. ಇಲ್ಲ, ಮಗಳೂ ಇಲ್ಲ. ಓಡುವುದರಲ್ಲಿ ಆಸಕ್ತಿಯಂತೂ ಹುಟ್ಟಿದಾಗಿನಿಂದ ಇಲ್ಲ. ನಾನು ಓಡಲು ಶುರು ಮಾಡಿದ್ದು ಮಾತಿನಿಂದ ತಪ್ಪಿಸಿಕೊಳ್ಳುವುದಕ್ಕೆ. ದಿನದಲ್ಲಿ ಒಂದು ಅರ್ಧ ಗಂಟೆ ನನ್ನ ಕಿವಿಗೆ ಯಾರ ಮಾತೂ ಬೀಳಬಾರದು, ನನ್ನ ಬಾಯಿಂದ ಯಾರಿಗೂ ಉತ್ತರ ಹೋಗಬಾರದು. ನನಗೆ ಬೇಕಾಗಿದ್ದದ್ದು ಅಷ್ಟೇ. ಇದೇನು ಮಹಾ ಅನ್ನಿಸಿದರೆ ನಮ್ಮ ಮನೆಗೆ ಬಂದು ಒಂದು ದಿನ ಇದ್ದು ನೋಡಿ.

ನಾನು ಕೆಲಸ ಮಾಡುವುದು ಕುಕ್ಕರು, ಮಿಕ್ಸಿ ತಯಾರಿಸುವ ಒಂದು ಸಣ್ಣ ಕಂಪನಿಯ ದೂರು ವಿಭಾಗದಲ್ಲಿ. ವಿಭಾಗ ಎಂದರೆ ನಾನು ಮತ್ತು ಒಂದು ಫೋನು. "ನಿಮ್ ಕುಕ್ಕರ್ ಕೂಗ್ತಾನೇ ಇಲ್ಲ ಕಣ್ರೀ" ಎಂದು ಆ ಕಡೆಯಿಂದ ಮಾತು ಶುರುವಾಗುತ್ತದೆ. ಗ್ಯಾಸ್ಕೆಟ್ ಬದಲಾಯಿಸಿ ಎಂದು ಹೇಳಿ ಫೋನಿಡುವುದು ನನ್ನ ಕೆಲಸ. ಆದರೆ ಆ ಮಾತು ಹೇಳುವ ಸರದಿ ನನಗೆ ಬರುವ ಹೊತ್ತಿಗೆ ಕುಕ್ಕರು ಯಾರ ಮದುವೆಯಲ್ಲಿ ಉಡುಗೊರೆ ಬಂದದ್ದು, ಕೊಟ್ಟವರು ಎಂಥ ಜಿಪುಣರು, ಬೇಳೆ ಬೇಯದ ದಿನ ಸೊಸೆ ಏನೆಂದಳು, ಆ ಸೊಸೆಯ ತಾಯಿ ಏನೆಂದಳು ಎಲ್ಲವೂ ಆಗಿರುತ್ತದೆ. ನಡುವೆ ನಾನು "ಹೂಂ ಮೇಡಂ, ಹೌದು ಮೇಡಂ" ಎನ್ನುತ್ತಿರಬೇಕು. ಎನ್ನದಿದ್ದರೆ "ಲೈನಲ್ಲಿದೀರಾ?" ಎಂದು ಮತ್ತೆ ಮೊದಲಿನಿಂದ ಹೇಳುತ್ತಾರೆ.

ಸಂಜೆ ಮನೆಗೆ ಬಂದರೆ ನಮ್ಮನೆಯವರು. ಬ್ಯಾಂಕಿನ ಕೆಲಸದಿಂದ ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡು ಈಗ ಟೀವಿಯ ಸುದ್ದಿ ಚಾನೆಲ್ಲುಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಅಂದರೆ ಹಾಲಿನ ಸೋಫಾದಲ್ಲಿ ಕೂತು, ಬೆಳಗಿನ ತಿಂಡಿಯಿಂದ ರಾತ್ರಿ ಊಟದವರೆಗೆ, ಟೀವಿಯವನು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಗಟ್ಟಿಯಾಗಿ ಉತ್ತರ ಹೇಳುತ್ತಾರೆ. ಟೀವಿಯವನು ಒಪ್ಪದಿದ್ದರೆ ಅಡಿಗೆಮನೆಗೆ ಬಂದು ನನಗೆ ಹೇಳುತ್ತಾರೆ.

ಅಡಿಗೆಮನೆಯಲ್ಲಿ ಅಷ್ಟು ಹೊತ್ತಿಗಾಗಲೇ ನಮ್ಮತ್ತೆ ಇರುತ್ತಾರೆ. ಎಪ್ಪತ್ತಾರು ವಯಸ್ಸಿನ ಗಟ್ಟಿ ಜೀವ. ನಮ್ಮತ್ತೆ ಒಳ್ಳೆಯವರು. ಇದನ್ನು ನಾನು ಹೆದರಿಕೊಂಡು ಬರೆಯುತ್ತಿಲ್ಲ, ನಿಜವಾಗಿಯೂ ಒಳ್ಳೆಯವರು. ಆದರೆ ಅವರ ಮಾತಿಗೆ ಪೂರ್ಣವಿರಾಮವಿಲ್ಲ. ನಾನು ಹುರುಳಿಕಾಯಿ ಮುರಿಯುತ್ತಿದ್ದರೆ ಪಕ್ಕದಲ್ಲಿ ನಿಂತು ತಮ್ಮ ತವರಿನಲ್ಲಿ ಹುರುಳಿಕಾಯಿಯನ್ನು ಹೇಗೆ ಮುರಿಯುತ್ತಿದ್ದರು ಎನ್ನುತ್ತಾರೆ. ಮುರಿಯುತ್ತಿದ್ದ ಚಿಕ್ಕಮ್ಮ ಯಾರು, ಆಕೆಯ ಗಂಡ ಯಾಕೆ ಊರು ಬಿಟ್ಟ, ಬಿಟ್ಟು ಹೋಗಿ ಕೆಂಗೇರಿಯಲ್ಲಿ ಯಾರ ಮನೆ ಸೇರಿದ ಎನ್ನುವಷ್ಟರಲ್ಲಿ ಪಲ್ಯ ಒಲೆಯಿಂದ ಇಳಿದಿರುತ್ತದೆ. ಚಿಕ್ಕಮ್ಮನ ಗಂಡ ಕೆಂಗೇರಿಯಲ್ಲೇ ಉಳಿಯುತ್ತಾನೆ. ಮರುದಿನ ಬೆಂಡೆಕಾಯಿ ಹೆಚ್ಚುವಾಗ ಬೇರೆ ಚಿಕ್ಕಮ್ಮ.

ಹಾಗಾದರೆ ಸುಮ್ಮನೆ ಒಂದು ಮೂಲೆಯಲ್ಲಿ ಕೂತುಕೊಳ್ಳಬಾರದಿತ್ತೇ ಎಂದರೆ, ನೀವು ಕನ್ನಡದ ಮನೆಗಳಲ್ಲಿ ಬೆಳೆದವರಲ್ಲ ಅಂತ ಕಾಣುತ್ತದೆ. ನಮ್ಮಲ್ಲಿ ಸುಮ್ಮನೆ ಕೂರುವುದು ಒಂದು ರೋಗಲಕ್ಷಣ. "ಯಾಕೆ, ಏನಾಯ್ತು?" ಎಂದು ಒಬ್ಬರು ಕೇಳುತ್ತಾರೆ. "ಏನಿಲ್ಲ" ಎಂದರೆ ಏನೋ ಇದೆ ಎಂದು ಖಾತ್ರಿಯಾಗುತ್ತದೆ. "ನಾನೇನಾದ್ರೂ ಅಂದ್ನಾ?" ಎಂದು ಇನ್ನೊಬ್ಬರು ಬರುತ್ತಾರೆ. ಇಲ್ಲ, ನೀವೇನೂ ಅನ್ನಲಿಲ್ಲ ಎಂದು ಸಮಾಧಾನ ಮಾಡುವುದಕ್ಕೆ ಮುಕ್ಕಾಲು ಗಂಟೆ ಮಾತಾಡಬೇಕಾಗುತ್ತದೆ.

ನಾನು ಹುಟ್ಟಿ ಬೆಳೆದದ್ದು ಕಾಮಾಕ್ಷಿಪಾಳ್ಯದ ಒಂದು ವಠಾರದಲ್ಲಿ. ಸಾಲು ಮನೆ, ನಡುವೆ ಓಣಿ, ಓಣಿಯ ತುದಿಗೆ ಒಂದೇ ನಲ್ಲಿ. ನಮ್ಮಪ್ಪ ಕೆಲಸ ಮಾಡುತ್ತಿದ್ದ ಲೇತ್ ಅಂಗಡಿ ಗೋಡೆಯ ಆಚೆಗೇ ಇತ್ತು, ಅದು ದಿನವಿಡೀ ಕಿರುಗುಡುತ್ತಿತ್ತು. ಒಂದು ಮಧ್ಯಾಹ್ನ, ಆರೋ ಏಳೋ ವರ್ಷದವಳಿರಬೇಕು, ನಾನು ಮೆಟ್ಟಿಲ ಮೇಲೆ ಕೂತು ಗೋಡೆ ಹತ್ತುವ ಇರುವೆಗಳನ್ನು ನೋಡುತ್ತಿದ್ದೆ. ಅಷ್ಟೇ. ಮೊದಲು ಎದುರುಮನೆಯವರು ಬಂದು ಹಣೆ ಮುಟ್ಟಿ ನೋಡಿದರು. ಆಮೇಲೆ ಮೂಲೆಮನೆಯ ಅಜ್ಜಿ ಬಂದು ಯಾರು ಹೊಡೆದರು ಎಂದು ಕೇಳಿತು. ಸಂಜೆ ಹೊತ್ತಿಗೆ ಅಮ್ಮ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅದು ಚಟಪಟ ಎಂದು ಸಿಡಿದು ಘಾಟು ಎದ್ದದ್ದೇ ಇಡೀ ವಠಾರ ಕೆಮ್ಮುತ್ತಾ "ಎಂಥಾ ದೃಷ್ಟಿ ನೋಡಿ" ಎಂದು ಒಪ್ಪಿಕೊಂಡಿತು. ಅಂದಿನಿಂದ ನಾನು ಇರುವೆ ನೋಡುವಾಗಲೂ ಬಾಯಲ್ಲಿ ಏನಾದರೂ ಗುಣುಗುಣು ಅನ್ನುತ್ತಿದ್ದೆ.

ಅದೇ ವಠಾರದಲ್ಲಿ ಓಡುವುದಕ್ಕೂ ಹೆಣ್ಣುಮಕ್ಕಳಿಗೆ ನಿಷೇಧ. "ದಡಬಡ ಓಡ್ಬೇಡ್ವೇ, ನೆಲಕ್ಕೆ ನೋವಾಗತ್ತೆ" ಎನ್ನುತ್ತಿದ್ದಳು ಅಮ್ಮ. ನಲ್ಲಿಯಲ್ಲಿ ನೀರು ಬಂದಾಗ ಮಾತ್ರ ಈ ನಿಷೇಧ ರದ್ದಾಗುತ್ತಿತ್ತು. ಆಗ ಬಿಂದಿಗೆ ಹಿಡಿದು ಓಡದಿದ್ದರೆ ಬೈಗುಳ. ನೆಲದ ನೋವನ್ನು ಆ ಹೊತ್ತಿನಲ್ಲಿ ಯಾರೂ ವಿಚಾರಿಸುತ್ತಿರಲಿಲ್ಲ.

ಹೀಗೆ ಓಟವನ್ನೂ ಮೌನವನ್ನೂ ಒಟ್ಟಿಗೆ ಕಳೆದುಕೊಂಡಿದ್ದ ನನಗೆ ಎರಡಕ್ಕೂ ಸಂಬಂಧವಿದೆ ಎಂದು ಹೊಳೆದದ್ದು ಮಾಗಡಿ ರಸ್ತೆಯಲ್ಲಿ. ಒಂದು ಬೆಳಿಗ್ಗೆ ಆಫೀಸಿಗೆ ತಡವಾಗಿ ಬಸ್ಸಿನ ಹಿಂದೆ ಓಡುತ್ತಿದ್ದೆ. ಎದುರಿಗೆ ಸರೋಜಾ ಆಂಟಿ ಬಂದರು. ನಮ್ಮ ಬೀದಿಯವರು. ಅವರ ಕೈಗೆ ಸಿಕ್ಕವರು ಊಟದ ಹೊತ್ತಿಗೆ ಮುಂಚೆ ಮನೆ ಸೇರಿದ ಉದಾಹರಣೆಯಿಲ್ಲ. ನನ್ನನ್ನು ಕಂಡದ್ದೇ ಬಾಯಿ ತೆರೆದರು. ನಾನು ಓಡುತ್ತಲೇ ಇದ್ದೆ. ಅವರು ಬಾಯಿ ಮುಚ್ಚಿ, ಪಕ್ಕಕ್ಕೆ ಸರಿದು, ನನಗೆ ದಾರಿ ಬಿಟ್ಟರು! ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಏದುಸಿರು ಬಿಡುತ್ತಾ ಯೋಚಿಸಿದೆ. ನಡೆಯುವವರನ್ನು ನಿಲ್ಲಿಸುತ್ತಾರೆ, ನಿಂತವರನ್ನು ಕೂರಿಸುತ್ತಾರೆ, ಕೂತವರಿಗೆ ಏನಾಯ್ತು ಎಂದು ಕೇಳುತ್ತಾರೆ. ಓಡುವವರನ್ನು ಮಾತ್ರ ಯಾರೂ ಮಾತಾಡಿಸುವುದಿಲ್ಲ.

ಮರುದಿನವೇ ಮಗನ ಶೂ ಹುಡುಕಿ ಹಾಕಿಕೊಂಡೆ. ಬೆಳಿಗ್ಗೆ ಆರಕ್ಕೆ ಹೊರಡುವುದೆಂದು ಗೊತ್ತು ಮಾಡಿದೆ. ಮಗ ಅಷ್ಟು ಹೊತ್ತಿಗೆ ವಿಜಯನಗರದಲ್ಲಿ ಸಿ.ಇ.ಟಿ. ಟ್ಯೂಷನ್ನಿಗೆ ಹೋಗಿರುತ್ತಾನೆ. ನಮ್ಮನೆಯವರು ದರ್ಶಿನಿಯ ಮುಂದೆ ನಾಲ್ಕು ಜನ ಸ್ನೇಹಿತರೊಂದಿಗೆ ನಿಂತು ಬೈ-ಟೂ ಕಾಫಿ ಕುಡಿಯುತ್ತಾ ದೇಶ ನಡೆಸುತ್ತಿರುತ್ತಾರೆ, ಏಳರ ತನಕ ಬರುವುದಿಲ್ಲ. ಮನೆಯಲ್ಲಿ ಉಳಿಯುವವರು ನಮ್ಮತ್ತೆ ಒಬ್ಬರೇ. "ಓಡೋಕೆ ಹೋಗ್ತೀನಿ ಅತ್ತೆ" ಎಂದೆ. ದೊಡ್ಡ ಚರ್ಚೆಗೆ ಮೈ ಗಟ್ಟಿ ಮಾಡಿಕೊಂಡಿದ್ದೆ. "ಹೋಗ್ಬಾ" ಎಂದರು. ಅವರು ಒಂದೇ ಪದದಲ್ಲಿ ಮುಗಿಸಿದ ಮಾತನ್ನು ನಾನು ಅದೇ ಮೊದಲು ಕೇಳಿದ್ದು.

ಮೊದಲ ದಿನ ರಸ್ತೆಯಲ್ಲಿ ಓಡುವ ತಪ್ಪು ಮಾಡಿದೆ. ಬೆಂಗಳೂರಿನಲ್ಲಿ ಬೆಳಗಿನ ಹೊತ್ತು ಒಬ್ಬ ಹೆಂಗಸು ರಸ್ತೆಯಲ್ಲಿ ಓಡುತ್ತಿದ್ದಾಳೆಂದರೆ ಅದಕ್ಕೆ ಒಂದೇ ಕಾರಣ. ಆಹಾರದ ಪೆಟ್ಟಿಗೆ ಬೆನ್ನಿಗೆ ಕಟ್ಟಿಕೊಂಡ ಗಡ್ಡದವನೊಬ್ಬ ಪಕ್ಕಕ್ಕೆ ಬೈಕು ತಂದು, "ಏನಾತ್ರಿ ಅಕ್ಕಾರ, ಸರಾ ಕಸ್ಗೊಂಡ್ ಹೋದ್ರೇನ್ರಿ? ಯಾ ಕಡೆ ಹೋದ್ರು?" ಎಂದ. ನನಗೆ ಉಸಿರಿಲ್ಲ. ಇಲ್ಲ ಎನ್ನುವುದಕ್ಕೆ ಕೈ ಅಲ್ಲಾಡಿಸಿದೆ. ಕೈ ಮುಂದಕ್ಕೆ ಹೋಯಿತು. ಅವನು ಆ ದಿಕ್ಕಿಗೆ ಬುರ್ರನೆ ಹೋಗಿ, ಮುಂದೆ ತನ್ನ ಪಾಡಿಗೆ ತಾನು ಹೋಗುತ್ತಿದ್ದ ಸ್ಕೂಟರಿನ ಒಬ್ಬರನ್ನು ಅಡ್ಡಹಾಕಿದ. ಅವರ ಕಾಲ ಬಳಿ ಇದ್ದದ್ದು ಹಾಲಿನ ಪ್ಯಾಕೆಟ್ಟುಗಳು. ನಾನು ಹೋಗಿ ಬಿಡಿಸಿ ಹೇಳುವಷ್ಟರಲ್ಲಿ ಅಲ್ಲಿ ಗುಂಪು ಸೇರಿತ್ತು. ಸುಮ್ಮನಿರಲು ಹೊರಟವಳು ಅಷ್ಟೂ ಜನಕ್ಕೆ ಭಾಷಣ ಮಾಡಬೇಕಾಯಿತು.

ಎರಡನೆಯ ದಿನ ಬಸ್ಸು. ನಾನು ಸ್ಟಾಪಿನ ಕಡೆಗೆ ಓಡುವುದನ್ನು ಕನ್ನಡಿಯಲ್ಲಿ ನೋಡಿದ ಡ್ರೈವರು ಹೊರಟ ಬಸ್ಸನ್ನು ನಿಲ್ಲಿಸಿಬಿಟ್ಟ. ನಮ್ಮ ಊರಿನಲ್ಲಿ ಇದು ವರ್ಷಕ್ಕೊಮ್ಮೆ ನಡೆಯುವ ಪವಾಡ. ಕಂಡಕ್ಟರು ಬಾಗಿಲಿಂದ ಬಗ್ಗಿ "ಬನ್ನಿ ಮೇಡಂ, ಬನ್ನಿ ಬನ್ನಿ, ನಿಂತಿದೀವಿ" ಎಂದು ಕೈ ಚಾಚಿದ. ಒಳಗಿದ್ದವರೆಲ್ಲ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಾರೆ. ನೀವೇ ಹೇಳಿ, ಅಷ್ಟು ದೊಡ್ಡ ಮನಸ್ಸು ಮಾಡಿದವರ ಮುಂದೆ "ನಾನು ಸುಮ್ಮನೆ ಓಡ್ತಾ ಇದೀನಿ, ನೀವು ಹೊರಡಿ" ಎನ್ನುವುದು ಹೇಗೆ? ದಾಕ್ಷಿಣ್ಯಕ್ಕೆ ಹತ್ತಿದೆ. ಹೆಂಗಸರಿಗೆ ಬಸ್ಸು ಫ್ರೀ ಬೇರೆ. ಹೊಸಹಳ್ಳಿಯ ಹತ್ತಿರ ಇಳಿದು ನಡೆದುಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಪರಿಚಯದವರು ಸಿಕ್ಕಿ ಮಾತಾಡಿಸಿದರು.

ಕೊನೆಗೆ ಪಾರ್ಕೇ ಗತಿ ಎಂದು ತೀರ್ಮಾನಿಸಿದೆ.

ನಮ್ಮ ಪಾರ್ಕಿನ ನಡುವೆ ಒಂದು ಅಶ್ವತ್ಥಕಟ್ಟೆ, ಕಟ್ಟೆಯ ಮೇಲೆ ನಾಗರಕಲ್ಲು, ಪಕ್ಕಕ್ಕೆ ಅಂಗೈಯಗಲದ ಗಣಪತಿ ಗುಡಿ. ಸುತ್ತಲೂ ನಡೆಯುವ ದಾರಿ. ಬೆಳಿಗ್ಗೆ ಅಲ್ಲಿ ನಡೆಯುವವರೆಲ್ಲ ವಾಕರ್ಸ್ ಸಂಘದ ಸದಸ್ಯರು. ಸಂಘಕ್ಕೆ ಅಧ್ಯಕ್ಷರು ಶ್ರೀಕಂಠಯ್ಯನವರು. ನಿವೃತ್ತ ಎಂಜಿನಿಯರು, ಮಂಕಿ ಟೋಪಿ, ಕೊರಳಲ್ಲಿ ವಿಷಲ್. ವಿಷಲ್ ಯಾಕೆ ಎಂದು ಯಾರಿಗೂ ಗೊತ್ತಿಲ್ಲ, ಅದಿಲ್ಲದೆ ಅವರನ್ನು ನೋಡಿದವರೂ ಇಲ್ಲ.

ನಾನು ಎಲ್ಲರ ಜೊತೆ ಎಲ್ಲರ ದಿಕ್ಕಿನಲ್ಲೇ ಓಡಲು ಶುರು ಮಾಡಿದೆ. ನನ್ನದನ್ನು ಓಟ ಎಂದು ಕರೆಯುವುದು ನನ್ನ ಔದಾರ್ಯ. ತೋಳುಗಳು ಓಡುತ್ತಿದ್ದವು, ಉಸಿರು ಓಡುತ್ತಿತ್ತು, ಕಾಲು ಮಾತ್ರ ಇನ್ನೂ ಮನಸ್ಸು ಮಾಡಿರಲಿಲ್ಲ. ಶ್ರೀಕಂಠಯ್ಯನವರು ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಾ ನನ್ನನ್ನು ದಾಟಿ ಹೋಗುತ್ತಿದ್ದರು. ಸರೋಜಾ ಆಂಟಿಯಂತೂ ನನ್ನ ಪಕ್ಕಕ್ಕೇ ಬಂದು, ನಾನು ಓಡುತ್ತಿದ್ದರೆ ಅವರು ಆರಾಮಾಗಿ ನಡೆಯುತ್ತಾ, "ನೀನು ಓಡಮ್ಮ ಓಡು, ನಾನು ಹೇಳ್ತಾ ಇರ್ತೀನಿ, ನೀನು ಹೂಂ ಅಂದ್ರೆ ಸಾಕು" ಎಂದರು. ಅವರ ಸೊಸೆಗೆ ಇಡ್ಲಿ ಹಿಟ್ಟು ರುಬ್ಬಲು ಬರುವುದಿಲ್ಲ ಎನ್ನುವುದನ್ನು ನಾನು ಓಡುತ್ತಾ ಕೇಳಿದೆ. ಮಿಕ್ಸಿ ಯಾವ ಕಂಪನಿಯದು ಎಂದು ಬಾಯಿ ತಪ್ಪಿ ವಿಚಾರಿಸಿಯೂಬಿಟ್ಟೆ.

ಆಗ ಬಂದ ಉಪಾಯವೇ ಉಲ್ಟಾ ದಿಕ್ಕು. ಎಲ್ಲರೂ ಬಲಕ್ಕೆ ಸುತ್ತಿದರೆ ನಾನು ಎಡಕ್ಕೆ. ಎದುರಿಗೆ ಬಂದವರು ಬಾಯಿ ತೆರೆಯುವಷ್ಟರಲ್ಲಿ ದಾಟಿ ಹೋಗಿರುತ್ತಾರೆ. ಇದರಲ್ಲಿ ಒಂದೇ ಕಷ್ಟ. ಅದೇ ಮುಖಗಳು ಪ್ರತಿ ಸುತ್ತಿಗೂ ಮತ್ತೆ ಮತ್ತೆ ಎದುರಾಗುತ್ತವೆ. ಒಬ್ಬರಿಗೆ ಎಷ್ಟು ಸಲ ನಮಸ್ಕಾರ ಮಾಡುವುದು? ಮೊದಲ ಸಲ ಕೈ ಮುಗಿದೆ. ಎರಡನೆಯ ಸಲ ನಕ್ಕೆ. ಆಮೇಲೆ ಹುಬ್ಬು ಮಾತ್ರ ಏರಿಸಿದೆ. ಅದಕ್ಕೂ ಮುಂದೆ ಅವರು ಮರ ನೋಡುತ್ತಿದ್ದರು, ನಾನು ಆಕಾಶ ನೋಡುತ್ತಿದ್ದೆ. ಒಂದು ವಾರದಲ್ಲಿ ಇಡೀ ಪಾರ್ಕು ನನ್ನನ್ನು ನೋಡದೆ ದಾಟುವುದನ್ನು ಕಲಿತಿತು.

ಅಲ್ಲಿಂದ ಮುಂದಿನ ಕೆಲವು ವಾರಗಳು ನನ್ನ ಜೀವನದಲ್ಲೇ ಬಲು ಸುಖದವು. ಮಂಡಿ ನೋಯುತ್ತಿತ್ತು, ಪಕ್ಕೆ ಹಿಡಿಯುತ್ತಿತ್ತು, ಗಂಟಲು ಒಣಗುತ್ತಿತ್ತು. ಆದರೆ ತಲೆಯೊಳಗೆ ನಾನೊಬ್ಬಳೇ ಇದ್ದೆ. ಏನು ಯೋಚಿಸುತ್ತಿದ್ದೆ ಎಂದು ಕೇಳಬೇಡಿ, ಏನೂ ಇಲ್ಲ. ಎಷ್ಟೋ ವರ್ಷದ ಮೇಲೆ ಇರುವೆ ನೋಡಲು ಕೂತ ಹಾಗಿತ್ತು. ಮನೆಗೆ ಬಂದು ಹುರುಳಿಕಾಯಿ ಮುರಿಯುವಾಗ ಅತ್ತೆಯ ಚಿಕ್ಕಮ್ಮಂದಿರ ಮೇಲೂ ಸ್ವಲ್ಪ ಪ್ರೀತಿ ಬರತೊಡಗಿತ್ತು. ಅತ್ತೆಯೂ ಬೆಳಿಗ್ಗೆ ನನಗಿಂತ ಮೊದಲು ಎದ್ದು "ಹೊತ್ತಾಯ್ತು, ಹೊರಡು" ಎಂದು ಶೂ ತಂದು ಬಾಗಿಲಲ್ಲಿ ಇಡುತ್ತಿದ್ದರು.

ಅಷ್ಟರಲ್ಲಿ ಪಾರ್ಕಿನ ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋಯಿತು. ಸರೋಜಾ ಆಂಟಿಗೆ ಸೊಂಟ ಹಿಡಿಯಿತು. ಯಾರದೋ ಮೊಮ್ಮಗನ ಸಂಬಂಧಕ್ಕೆ ಬಂದಿದ್ದ ಹುಡುಗಿ ಕಡೆಯವರು ಬೇಡ ಅಂದರು. ಬಿಡಿ ಬಿಡಿಯಾಗಿದ್ದ ಈ ಮೂರು ಸಂಗತಿಗಳನ್ನು ಶ್ರೀಕಂಠಯ್ಯನವರು ಎಂಜಿನಿಯರ್ ಬುದ್ಧಿಯಿಂದ ಜೋಡಿಸಿ ನೋಡಿ, ಭಾನುವಾರ ಕಟ್ಟೆಯ ಮುಂದೆ ಸಭೆ ಕರೆದು, ವಿಷಲ್ ಊದಿದರು. ಕೊನೆಗೂ ಅದರಿಂದ ಒಂದು ಉಪಯೋಗವಾಯಿತು.

"ನೋಡಿಮ್ಮಾ, ನಾನು ನಿಮಗೆ ಅಂತ ಹೇಳ್ತಾ ಇಲ್ಲ, ಜನರಲ್ಲಾಗಿ ಹೇಳ್ತಾ ಇದೀನಿ" ಎಂದು ನನ್ನನ್ನೇ ನೋಡುತ್ತಾ ಶುರು ಮಾಡಿದರು. "ಒಬ್ರು ಲೇಡಿ ಉಲ್ಟಾ ಓಡ್ತಾ ಇದಾರೆ. ಮಧ್ಯದಲ್ಲಿ ದೇವ್ರಿದೆ. ಅಪ್ರದಕ್ಷಿಣೆ ಆಗ್ತಾ ಇದೆ ಅಂತ ಕಂಪ್ಲೇಂಟ್ ಬಂದಿದೆ."

ಇಪ್ಪತ್ತು ವರ್ಷದಿಂದ ಕಂಪ್ಲೇಂಟ್ ಕೇಳುತ್ತಾ ಬಂದವಳು ನಾನು. ನನ್ನ ಮೇಲೇ ಬಂದದ್ದು ಇದೇ ಮೊದಲು. ರೂಢಿಯಂತೆ "ಹೂಂ ಸಾರ್, ಹೌದು ಸಾರ್" ಎಂದೆ.

"ಓಡೋದಾದ್ರೂ ಯಾಕೆ? ನಿಮ್ಮ ವಯಸ್ಸಿಗೆ ನಡಿಗೆ ಸಾಕು. ನಮ್ಮ ಲೇಡೀಸ್ ಬ್ಯಾಚ್ ಇದೆಯಲ್ಲ, ಅವರ ಜೊತೆ ಸೇರ್ಕೊಳಿ. ಮಾತಾಡ್ಕೊಂಡು ನಡೆದ್ರೆ ಸುಸ್ತೇ ಗೊತ್ತಾಗಲ್ಲ."

ಸರೋಜಾ ಆಂಟಿ ಸೊಂಟ ಹಿಡಿದುಕೊಂಡೇ ಸಂತೋಷದಿಂದ ನನಗೆ ಜಾಗ ಮಾಡಿಕೊಟ್ಟರು.

ಮನೆಗೆ ಬಂದು ಗಂಡನಿಗೆ ಹೇಳಿದೆ. "ಬಿಟ್ಬಿಡೇ, ಹೋಗ್ಲಿ. ಬೇಕಾದ್ರೆ ನಮ್ಮ ಟೆರೇಸ್ ಮೇಲೆ ಓಡು" ಎಂದರು ಟೀವಿಯಿಂದ ಕಣ್ಣು ತೆಗೆಯದೆ. ಟೆರೇಸಿನಲ್ಲಿ ನೀರಿನ ಟ್ಯಾಂಕಿದೆ, ಬಟ್ಟೆಯ ಹಗ್ಗವಿದೆ, ನಾಲ್ಕು ಕಡೆಯ ಟೆರೇಸುಗಳಲ್ಲಿ ನಾಲ್ಕು ಜನ ಮಾತಿಗೆ ಕಾದಿದ್ದಾರೆ. ಅವತ್ತು ನನಗೆ ನಿಜವಾಗಿಯೂ ಅಳು ಬಂತು. ಅರ್ಧ ಗಂಟೆ ತಾನೇ ಕೇಳಿದ್ದು? ಅಳುವುದಕ್ಕೂ ನಮ್ಮ ಮನೆಯಲ್ಲಿ ಕಾರಣ ಹೇಳಬೇಕಾದ್ದರಿಂದ ಈರುಳ್ಳಿ ಹೆಚ್ಚಿಕೊಂಡು ಅತ್ತುಬಿಟ್ಟೆ. ಮರುದಿನ ಬೆಳಿಗ್ಗೆ ಏಳಲಿಲ್ಲ. ಅದರ ಮರುದಿನವೂ ಅಡಿಗೆಮನೆಯಲ್ಲೇ ಇದ್ದೆ.

ಅತ್ತೆಗೆ ಅದೇನೋ ಇರುಸುಮುರುಸು. ಒಳಗೆ ಹೋಗುತ್ತಾರೆ, ಹೊರಗೆ ಬರುತ್ತಾರೆ, ಗಡಿಯಾರ ನೋಡುತ್ತಾರೆ. ಕೊನೆಗೆ, "ಏನೇ ಶೈಲಾ, ಓಡೋದು ನಿಲ್ಲಿಸೇಬಿಟ್ಯಾ?" ಎಂದು ಕೇಳಿದರು. ಹೇಳಿದೆ.

"ಅಪ್ರದಕ್ಷಿಣೇನಾ? ಯಾರು, ಆ ಶ್ರೀಕಂಠಯ್ಯ ಹೇಳಿದ್ನಾ? ಇರು, ಸೀರೆ ಬದಲಾಯಿಸ್ಕೊಂಡು ಬರ್ತೀನಿ."

ಈ ವಿಷಯದಲ್ಲಿ ನಮ್ಮತ್ತೆಯನ್ನು ಕೆಣಕಬಾರದಿತ್ತು. ಸೋಮವಾರ ಅಮಾವಾಸ್ಯೆ ಬಂದರೆ ಒದ್ದೆ ಸೀರೆಯಲ್ಲಿ ಅಶ್ವತ್ಥ ಸುತ್ತಿ ಬಂದವರು ಅವರು. ಮಂಡಿ ನೋವಿನಿಂದ ಪಾರ್ಕಿನ ಕಡೆ ಹೋಗದೆ ಎಷ್ಟೋ ಕಾಲವಾಗಿತ್ತು. ಅವತ್ತು ನನ್ನ ತೋಳು ಹಿಡಿದು, ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ದಾರಿಯ ನಡುವೆ ನಿಂತರು. ಇಡೀ ಸಂಘ ಒಬ್ಬರ ಹಿಂದೆ ಒಬ್ಬರು ನಿಂತಿತು.

"ಏನ್ರೀ ಶ್ರೀಕಂಠಯ್ಯನೋರೆ, ನೀವು ಇಲ್ಲಿ ಮಾಡ್ತಾ ಇರೋದು ವಾಕಿಂಗೋ, ಪ್ರದಕ್ಷಿಣೇನೋ?"

"ಎರಡೂ ಆಗತ್ತಲ್ಲಮ್ಮ. ಆರೋಗ್ಯಾನೂ ಆಯ್ತು, ಪುಣ್ಯಾನೂ ಆಯ್ತು."

"ಹಂಗಾದ್ರೆ ಕಾಲಲ್ಲಿರೋದು ಏನು?"

ಎಲ್ಲರೂ ಕೆಳಗೆ ನೋಡಿಕೊಂಡರು. ಬಣ್ಣಬಣ್ಣದ ಶೂಗಳು.

"ಶೂ ಮೆಟ್ಕೊಂಡು ದೇವ್ರನ್ನ ಸುತ್ತೋದು ಯಾವೂರ ಶಾಸ್ತ್ರಾರೀ? ಪ್ರದಕ್ಷಿಣೆ ಅನ್ನೋದಾದ್ರೆ ಶೂ ಬಿಚ್ಚಿ. ಬಿಚ್ಚಲ್ಲ ಅನ್ನೋದಾದ್ರೆ ಇದು ವಾಕಿಂಗು. ವಾಕಿಂಗಿಗೆ ಎಡ ಏನು, ಬಲ ಏನು? ನನ್ನ ಸೊಸೆ ಹೆಂಗಾದ್ರೂ ಓಡ್ಲಿ."

ಪಾರ್ಕಿನಲ್ಲಿ ಅಂಥ ಮೌನವನ್ನು ನಾನು ಓಡುವಾಗಲೂ ಕಂಡಿರಲಿಲ್ಲ.

ಸಂಘ ಸುಲಭಕ್ಕೆ ಸೋಲುವುದಲ್ಲ. ಮರುದಿನ ಗೇಟಿನ ಬಳಿ ಮದುವೆಮನೆಯ ಮುಂದಿರುವಷ್ಟು ಶೂ, ಚಪ್ಪಲಿ. ಎಲ್ಲರೂ ಬರಿಗಾಲು. ದಾರಿಗೆ ಹಾಸಿದ್ದ ಕಲ್ಲುಗಳು ಅಲ್ಲಲ್ಲಿ ಎದ್ದು ಜಲ್ಲಿ ಕಾಣುತ್ತಿತ್ತು. ದೇಶದ ಭವಿಷ್ಯವನ್ನು ಗಟ್ಟಿಯಾಗಿ ಚರ್ಚಿಸುತ್ತಾ ನಡೆಯುತ್ತಿದ್ದವರು ಈಗ "ಸ್ಸ್, ಹಾ" ಎನ್ನುತ್ತಾ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಶ್ರೀಕಂಠಯ್ಯನವರು ಮಾತ್ರ ಹಲ್ಲು ಕಚ್ಚಿಕೊಂಡು ಎಲ್ಲರಿಗಿಂತ ಮುಂದೆ ಇದ್ದರು, ಕಣ್ಣಲ್ಲಿ ನೀರಿತ್ತು. ಭಕ್ತಿ ಹೀಗೇ ಇನ್ನೂ ಎಷ್ಟು ದಿನ ನಡೆಯುತ್ತಿತ್ತೋ, ಒಂದು ಬೆಳಿಗ್ಗೆ ಗೇಟಿನ ಬಳಿ ಅವರದೇ ಹೊಸ ಶೂ ಕಾಣೆಯಾಯಿತು. ಪಾರ್ಕಿನಲ್ಲಿ ನಡೆಯುವುದು ವಾಕಿಂಗ್ ಮಾತ್ರ ಎಂದು ಅವತ್ತೇ ಸರ್ವಾನುಮತದಿಂದ ತೀರ್ಮಾನವಾಯಿತು.

ನಾನು ಮತ್ತೆ ಎಡಕ್ಕೆ ಓಡಿದೆ. ಓಡುವಾಗಲೆಲ್ಲ ಅತ್ತೆಯನ್ನು ನೆನೆದು ಎದೆ ತುಂಬಿ ಬರುತ್ತಿತ್ತು. ಯಾವ ಅತ್ತೆ ಸೊಸೆಗಾಗಿ ಹೀಗೆ ಬೀದಿಗಿಳಿದು ನಿಲ್ಲುತ್ತಾಳೆ? ಆಫೀಸಿನಲ್ಲಿ ಫೋನು ಮಾಡಿ ಅತ್ತೆಯನ್ನು ಬೈದ ಒಬ್ಬ ಹೆಂಗಸಿಗೆ ಕುಕ್ಕರಿನ ವಿಷಯ ಬಿಟ್ಟು ನಮ್ಮತ್ತೆಯ ಕಥೆಯನ್ನೇ ಹೇಳಿದೆ. ಆಕೆ "ಹೂಂ, ಹೂಂ" ಎಂದು ಕೇಳಿ ಫೋನಿಟ್ಟಳು. ಅತ್ತೆಯೂ ದಿನದಿನಕ್ಕೆ ಉತ್ಸಾಹ ಹೆಚ್ಚಿಸುತ್ತಿದ್ದರು. "ಇನ್ನೊಂದೆರಡು ಸುತ್ತು ಜಾಸ್ತಿ ಓಡೇ, ಒಳ್ಳೇದು" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ, ಓಟ ಇನ್ನೂ ಶುರುವಾಗಿದ್ದಷ್ಟೇ, ಎದ್ದ ಕಲ್ಲಿನ ಮೇಲೆ ಕಾಲಿಟ್ಟು ಪಾದ ಉಳುಕಿತು. ಕುಂಟುತ್ತಾ ಮನೆಗೆ ಬಂದೆ. ಗೇಟಿನ ಸದ್ದಾಗಲಿಲ್ಲ. ಹಾಲಿನ ಕಿಟಕಿ ತೆರೆದಿತ್ತು.

ಒಳಗೆ ನಮ್ಮತ್ತೆ, ನಮ್ಮನೆಯವರ ಸೋಫಾದಲ್ಲಿ, ಕಾಲನ್ನು ಎದುರಿನ ಸ್ಟೂಲಿನ ಮೇಲೆ ಚಾಚಿಕೊಂಡು ಕೂತಿದ್ದರು. ಟೀವಿ ಆರಿತ್ತು. ಕೈಯಲ್ಲಿ ಜಪಮಾಲೆಯಿಲ್ಲ, ಸೊಪ್ಪಿಲ್ಲ, ಬತ್ತಿಯ ಹತ್ತಿಯಿಲ್ಲ. ಪಕ್ಕದಲ್ಲಿ ಒಂದು ಲೋಟ ಕಾಫಿ. ಬಾಯಿ ಮುಚ್ಚಿತ್ತು. ಈ ಮನೆಗೆ ಬಂದಾಗಿನಿಂದ ಆ ಬಾಯಿ ಮುಚ್ಚಿದ್ದನ್ನು ನಾನು ಅವರ ನಿದ್ದೆಯಲ್ಲಿ ಮಾತ್ರ ನೋಡಿದ್ದೆ. ಗೋಡೆಯ ಕಡೆಗೆ ನೋಡುತ್ತಿದ್ದರು, ಗೋಡೆಯ ಮೇಲೆ ಏನೂ ಇರಲಿಲ್ಲ. ಮುಖದಲ್ಲಿ ಒಂದು ಸುಖವಿತ್ತು. ಆ ಮುಖದವರನ್ನು ನಾನು ಅಲ್ಲಿಯವರೆಗೆ ಭೇಟಿಯೇ ಆಗಿರಲಿಲ್ಲ.

ನನ್ನ ಬಾಯಿ ಸುಮ್ಮನಿರಲಿಲ್ಲ. "ಏನಾಯ್ತು ಅತ್ತೆ? ಯಾಕೆ ಸುಮ್ನೆ ಕೂತಿದೀರಾ?" ಎಂದುಬಿಟ್ಟೆ.

ಅವರು ಬೆಚ್ಚಿಬಿದ್ದರು. ಕಾಲು ಸ್ಟೂಲಿನಿಂದ ಕೆಳಗಿಳಿಯಿತು, ಸೆರಗು ಸರಿಯಾಯಿತು, ಮಾತು ಶುರುವಾಯಿತು. "ಏನಿಲ್ಲ ಕಣೆ, ಏನಿಲ್ಲ, ಚೆನ್ನಾಗೇ ಇದೀನಿ. ಹಾಲು ಕಾಯಿಸಿಟ್ಟೆ, ಆಮೇಲೆ ಆ ಹೂವಿನವಳು ಬಂದ್ಲು, ಅವಳ ತಂಗಿಗೆ ನೋಡು..." ಹೇಳುತ್ತಾ ಹೇಳುತ್ತಾ ಅವರ ಮುಖ ಮತ್ತೆ ನನಗೆ ಗೊತ್ತಿದ್ದ ಮುಖವಾಯಿತು.

ಅಷ್ಟೂ ವರ್ಷ ಅವರು ಇಷ್ಟಪಟ್ಟು ಮಾತಾಡುತ್ತಾರೆ ಎಂದುಕೊಂಡಿದ್ದೆ. ಎದುರಿಗೆ ಜನ ಇದ್ದಾರೆ ಎಂದು ಮಾತಾಡುತ್ತಿದ್ದರು. ಹಗಲೆಲ್ಲ ಟೀವಿಯ ಮುಂದೆ ಮಗ, ಸಂಜೆ ಸೊಸೆ, ರಾತ್ರಿ ಮೊಮ್ಮಗ. ಸುಮ್ಮನೆ ಕೂತರೆ ನಾವೆಲ್ಲ ಸೇರಿ ಹಣೆ ಮುಟ್ಟಿ ನೋಡುವವರೇ. ಎಪ್ಪತ್ತಾರು ವರ್ಷಕ್ಕೆ ಅವರಿಗೆ ಸಿಕ್ಕಿದ ಒಂದೇ ಒಂದು ಅರ್ಧ ಗಂಟೆಯನ್ನು ಉಳಿಸಿಕೊಳ್ಳಲು ಮಂಡಿನೋವಿನಲ್ಲಿ ಪಾರ್ಕಿನವರೆಗೆ ಬಂದಿದ್ದರು. ನನಗಾಗಿ ಬಂದರು ಎಂದು ನಾನು ಕುಣಿದಾಡಿದ್ದೆ. ಬೇಸರವಾಗಲಿಲ್ಲ. ನಾಚಿಕೆಯಾಯಿತು, ಮತ್ತು ಆ ಮುದುಕಿಯ ಮೇಲೆ ಎಂದೂ ಇಲ್ಲದ ಅಕ್ಕರೆ ಬಂತು.

"ನಾನು ನೀರು ಕುಡಿಯೋಕೆ ಬಂದೆ ಅತ್ತೆ. ಇನ್ನೂ ಓಟ ಮುಗ್ದಿಲ್ಲ" ಎಂದೆ.

ಅವರು ಮಾತು ನಿಲ್ಲಿಸಿ ನನ್ನನ್ನು ನೋಡಿದರು. ಉಳುಕಿದ ಕಾಲನ್ನೂ ನೋಡಿರಬೇಕು. "ಆತುರ ಏನಿಲ್ಲ" ಎಂದರು ಮೆಲ್ಲಗೆ. "ನಿಧಾನಕ್ಕೆ ಬಾ."

ನೀರು ಕುಡಿಯದೆಯೇ ಹೊರಗೆ ಬಂದು ಗೇಟು ಮುಂದೆ ಮಾಡಿದೆ. ಓಡುವುದಿರಲಿ, ಕಾಲು ಊರಲೂ ಆಗುತ್ತಿರಲಿಲ್ಲ. ಬೀದಿಯ ತಿರುವಿನಲ್ಲಿ ಬಾಗಿಲು ಹಾಕಿದ್ದ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತೆ. ಏಳು ಗಂಟೆಯಾಗಲು ಇನ್ನೂ ಹೊತ್ತಿತ್ತು. ಪಾರ್ಕು ಮುಗಿಸಿಕೊಂಡು ಸರೋಜಾ ಆಂಟಿ ಬಂದರು, ನನ್ನನ್ನು ನೋಡಿ ಗಾಬರಿಯಿಂದ ನಿಂತರು.

"ಏನಾಯ್ತೇ ಶೈಲಾ? ಯಾಕೆ ಹಿಂಗೆ ಸುಮ್ನೆ ಕೂತ್ಬಿಟ್ಟಿದೀಯಾ?"

"ಓಡ್ತಾ ಇದೀನಿ ಆಂಟಿ" ಎಂದೆ.